ನಿಮ್ಮ ವಾರ್ಡು ಬದಲಾಗಿದೆಯಾ? ಸರ್ಕಾರ ಕೊಟ್ಟ ಕಾರಣವನ್ನು ಅಳೆದು ಆಕ್ಷೇಪಣೆ ಬರೆಯುವುದು ಹೇಗೆ

ಚಿತ್ರದುರ್ಗದಲ್ಲಿ ಡಿಟಿಪಿ ಅಂಗಡಿ ಇಟ್ಟು ನನಗೆ ಹದಿನೇಳು ವರ್ಷವಾಯಿತು. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಲಗ್ನಪತ್ರಿಕೆ, ಎಲ್ಲ ಮಾಡಿಕೊಡುತ್ತೇನೆ. ಚುನಾವಣೆ ಹತ್ತಿರ ಬಂದಾಗ ಮಾತ್ರ ಒಂದು ಬಗೆಯ ಕಾಗದ ಜಾಸ್ತಿ ಬರುತ್ತದೆ. ಹಳ್ಳಿಯಿಂದ ನಾಲ್ಕೈದು ಜನ ಒಟ್ಟಿಗೆ ಬಂದು ಬಾಗಿಲಲ್ಲೇ ಹೇಳುತ್ತಾರೆ: "ಅಕ್ಕಾ, ನಮ್ಮ ಓಣೀನ ಬೇರೆ ವಾರ್ಡಿಗೆ ಹಾಕಿಬಿಟ್ಟವ್ರೆ. ಒಂದು ಆಕ್ಷೇಪಣೆ ಬರ್ಕೊಡು."

ಮೊದಲ ಏಳೆಂಟು ವರ್ಷ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಟ್ಟೆ. "ನಮಗೆ ತೀವ್ರ ಅನ್ಯಾಯವಾಗಿದೆ, ದಯಮಾಡಿ ಸರಿಪಡಿಸಬೇಕು." ಒಂದೂ ಗೆಲ್ಲಲಿಲ್ಲ. ಎಲ್ಲಕ್ಕೂ ಒಂದೇ ಸಾಲಿನ ಹಿಂಬರಹ ಬರುತ್ತಿತ್ತು: ನಿಯಮದ ಪ್ರಕಾರವೇ ಕ್ರಮ ಆಗಿದೆ, ಅರ್ಜಿ ತಿರಸ್ಕರಿಸಿದೆ. ಆಮೇಲೆ ಒಂದು ಸಲ ನನ್ನ ತವರೂರಿನದ್ದೇ ಸರದಿ ಬಂತು. ಆಗ ಕರಡು ಅಧಿಸೂಚನೆಯನ್ನು ಮೊದಲಿಂದ ಕೊನೆವರೆಗೆ ಕೂತು ಓದಿದೆ. ಅವತ್ತು ಒಂದು ವಿಷಯ ಗೊತ್ತಾಯಿತು. ಸರ್ಕಾರ ಸುಮ್ಮನೆ ಬದಲಾಯಿಸುವುದಿಲ್ಲ, ಏನಾದರೂ ಒಂದು ಕಾರಣ ಬರೆದೇ ಇರುತ್ತದೆ. ನಾವು ಆ ಕಾರಣಕ್ಕೆ ಉತ್ತರ ಕೊಡುವುದು ಬಿಟ್ಟು ನಮ್ಮ ನೋವು ಬರೆಯುತ್ತೇವೆ. ನೋವು ನಿಜ, ಆದರೆ ಅದನ್ನು ಅಳೆಯುವ ಕೋಲು ಆ ಕಚೇರಿಯಲ್ಲಿ ಇಲ್ಲ. ಕಾರಣವನ್ನು ಅಳೆಯುವ ಕೋಲು ಇದೆ. ಅದನ್ನು ಹಿಡಿಯುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಕಾಗದ ಕೈಗೆ ತೆಗೆದುಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಒಂದು ಪುಟದ ಫೋಟೋ ಸಾಲದು. ಪಂಚಾಯ್ತಿ ಮಟ್ಟದ್ದಾದರೆ ಕರಡು ಅಧಿಸೂಚನೆಯನ್ನು ಗ್ರಾಮ ಪಂಚಾಯ್ತಿ ಮತ್ತು ತಾಲ್ಲೂಕು ಕಚೇರಿಯ ಬೋರ್ಡಿಗೆ ಹಾಕುತ್ತಾರೆ. ನಗರದ ವಾರ್ಡುಗಳದ್ದು ರಾಜ್ಯಪತ್ರದಲ್ಲಿ ಬರುತ್ತದೆ. ರಾಜ್ಯಪತ್ರ ಈಗ ಆನ್‌ಲೈನಿನಲ್ಲೇ ಸಿಗುತ್ತದೆ. ಅದರಲ್ಲಿ ಮೂರು ಜಾಗಕ್ಕೆ ಗುರುತು ಹಾಕಿ: ಯಾವ ಕಾನೂನಿನ ಯಾವ ಕಲಂ ಪ್ರಕಾರ ಮಾಡಿದ್ದಾರೆ, ಆಕ್ಷೇಪಣೆಗೆ ಕೊನೆಯ ತಾರೀಖು ಯಾವುದು, ಯಾರಿಗೆ ಕೊಡಬೇಕು. ಕೊನೆಯ ತಾರೀಖನ್ನು ಗೋಡೆ ಕ್ಯಾಲೆಂಡರಿನ ಮೇಲೆ ಬರೆಯಿರಿ. ಸಿಗುವ ದಿನ ಕಡಿಮೆ. ಒಂದು ಭಾನುವಾರ, ಒಂದು ಎರಡನೇ ಶನಿವಾರ ನಡುವೆ ಬಂದರೆ ಅದೂ ಕೈಬಿಟ್ಟು ಹೋಗುತ್ತದೆ.

ಈ ಅವಧಿ ಯಾಕೆ ಇಷ್ಟು ಮುಖ್ಯ ಅಂದರೆ, ಆಮೇಲೆ ಬಾಗಿಲು ಬಹಳ ಕಿರಿದಾಗುತ್ತದೆ. ವಿಧಾನಸಭೆ, ಲೋಕಸಭೆ ಕ್ಷೇತ್ರಗಳ ವಿಂಗಡಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸದಂತೆ ಸಂವಿಧಾನದ 329ನೇ ವಿಧಿ ತಡೆಯುತ್ತದೆ. ಪಂಚಾಯ್ತಿಗಳಿಗೆ 243 ಓ ಅಂತ ಅಂಥದ್ದೇ ವಿಧಿ ಇದೆ. ತೀರಾ ಮನಬಂದಂತೆ ಮಾಡಿದ ಆದೇಶವಾಗಿದ್ದರೆ ನ್ಯಾಯಾಲಯ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಆದರೆ ಹಳ್ಳಿಯ ನಾಲ್ಕು ಜನ ಅಷ್ಟು ದೂರ ಹೋಗಲು ಆಗುತ್ತದಾ? ಕರಡು ಇರುವಾಗಲೇ ಮಾತಾಡಬೇಕು.

ಇನ್ನು ಕಾರಣ ಎಲ್ಲಿರುತ್ತದೆ? ಕಾನೂನನ್ನೇ ತಿದ್ದಿದ್ದರೆ, ವಿಧೇಯಕದ ಕೊನೆಗೆ "ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ" ಅಂತ ಒಂದು ಪುಟ ಇರುತ್ತದೆ. ಯಾಕೆ ಬದಲಾಯಿಸುತ್ತಿದ್ದೇವೆ ಅಂತ ಸರ್ಕಾರ ತನ್ನ ಬಾಯಿಂದಲೇ ಹೇಳುವುದು ಅಲ್ಲಿ. ವಾರ್ಡು ವಿಂಗಡಣೆಯಾದರೆ ಅಧಿಸೂಚನೆಯ ಮೊದಲ ಪ್ಯಾರಾದಲ್ಲಿ, ಇಲ್ಲವೇ ಜೊತೆಗಿರುವ ನಡಾವಳಿಯಲ್ಲಿ ಇರುತ್ತದೆ. ಎಲ್ಲೂ ಇಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ. ಮಾಹಿತಿ ಹಕ್ಕು ಕಾಯ್ದೆ ಅಂದ ಕೂಡಲೇ ನಾವು ಹತ್ತು ರೂಪಾಯಿ ಕಟ್ಟಿ ಮೂವತ್ತು ದಿನ ಕಾಯುವ ಅರ್ಜಿಯನ್ನಷ್ಟೇ ನೆನೆಯುತ್ತೇವೆ. ಅದೇ ಕಾಯ್ದೆಯ 4(1)(ಡಿ) ಓದಿ. ಆಡಳಿತದ ತೀರ್ಮಾನದಿಂದ ಬಾಧೆಗೊಂಡವರಿಗೆ ಅದರ ಕಾರಣ ಕೊಡುವುದು ಕಚೇರಿಯ ಕರ್ತವ್ಯ ಅಂತಿದೆ. ನಾನು ಬರೆಯುವ ಪ್ರತಿ ಆಕ್ಷೇಪಣೆಯಲ್ಲೂ ಈ ಕಲಂ ಒಂದು ಸಾಲಿನಲ್ಲಿ ಇರುತ್ತದೆ.

ಈಗ ಕಾರಣಗಳಿಗೆ ಬರೋಣ. ಊರೂರಿನ ಕಾಗದ ಟೈಪ್ ಮಾಡಿ ನೋಡಿದ್ದೇನೆ, ತಿರುಗಿ ಮುರುಗಿ ಅವೇ ಬರುತ್ತವೆ: ಜನಸಂಖ್ಯೆ ಸಮ ಮಾಡಲು, ಪ್ರದೇಶಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂದು, ಆಡಳಿತದ ಅನುಕೂಲಕ್ಕೆ, ಮೀಸಲಾತಿ ಸರಿಹೊಂದಿಸಲು. ನಮ್ಮೂರಿನಲ್ಲಿ ಕೊಟ್ಟದ್ದು ಮೊದಲ ಎರಡು.

ನಮ್ಮೂರು ಭರಮಸಾಗರದ ಕಡೆ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕ. ಊರು ಮತ್ತು ಅದರ ಹಟ್ಟಿ ಹೆದ್ದಾರಿಯ ಒಂದು ಮಗ್ಗುಲಲ್ಲಿವೆ. ಅದೇ ಪಂಚಾಯ್ತಿಯ ಇನ್ನೊಂದು ಊರು ಆಚೆ ಮಗ್ಗುಲಲ್ಲಿದೆ. ಕರಡಿನಲ್ಲಿ ಹಟ್ಟಿಯನ್ನು ನಮ್ಮೂರಿನಿಂದ ತೆಗೆದು ಆಚೆ ಊರಿನ ಕ್ಷೇತ್ರಕ್ಕೆ, ಅಂದರೆ ವಾರ್ಡಿಗೆ, ಸೇರಿಸಿದ್ದರು. ಜನಸಂಖ್ಯೆ ಸಮ ಮಾಡಲು ಹೀಗೆ ಮಾಡಿದೆ, ಎರಡೂ ಜಾಗ ಹೊಂದಿಕೊಂಡಿವೆ ಅಂತ ಬರೆದಿತ್ತು.

ಜನಸಂಖ್ಯೆಯ ಲೆಕ್ಕ ಮೊದಲು ಮಾಡಿದೆ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮ ಪಂಚಾಯ್ತಿಗೆ ಪ್ರತಿ 400 ಜನಕ್ಕೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯ. ಅಳತೆಗೋಲು ಈ 400. ಅಂಕಿಗಳನ್ನು ದುಂಡು ಮಾಡಿ ಹೇಳುತ್ತೇನೆ, ನೀವೂ ಪಕ್ಕದಲ್ಲಿ ಕೂಡಿಸಿ ನೋಡಿ. ಹಟ್ಟಿ ಸೇರಿ ನಮ್ಮೂರಿನಲ್ಲಿ 2,010 ಜನ, 5 ಸದಸ್ಯರು. ಒಬ್ಬ ಸದಸ್ಯನಿಗೆ 402. ಆಚೆ ಊರಲ್ಲಿ 1,180 ಜನ, 3 ಸದಸ್ಯರು. ಒಬ್ಬನಿಗೆ 393. ವ್ಯತ್ಯಾಸ 9. ಹಟ್ಟಿಯ 390 ಜನರನ್ನು ಆಚೆ ಹಾಕಿದ ಮೇಲೆ ನಮ್ಮೂರಲ್ಲಿ 1,620 ಜನಕ್ಕೆ 4 ಸದಸ್ಯರು, ಅಂದರೆ 405. ಆಚೆ 1,570 ಜನಕ್ಕೆ 4, ಅಂದರೆ 392 ಚಿಲ್ಲರೆ. ವ್ಯತ್ಯಾಸ 12ರ ಮೇಲೆ ಹೋಯಿತು. ಸಮ ಮಾಡಲು ಅಂತ ಮಾಡಿದ ಬದಲಾವಣೆಯಿಂದ ಅಂತರ ಕಡಿಮೆ ಆಗಲಿಲ್ಲ, ಹೆಚ್ಚಾಯಿತು. ಅಷ್ಟು ವರ್ಷ ಟೈಪ್ ಮಾಡಿದ್ದ "ಅನ್ಯಾಯ" ಅನ್ನೋ ಪದಕ್ಕಿಂತ ಈ ನಾಲ್ಕು ಸಾಲಿನ ಲೆಕ್ಕ ಗಟ್ಟಿಯಾಗಿ ಮಾತಾಡಿತು.

ಇಲ್ಲಿ ಒಂದು ಎಚ್ಚರ. ಲೆಕ್ಕಕ್ಕೆ ಜನಗಣತಿಯ ಅಂಕಿ ತೆಗೆದುಕೊಳ್ಳಿ, ಮತದಾರರ ಪಟ್ಟಿಯದ್ದಲ್ಲ. ಕಾನೂನು ಹೇಳುವುದು ಜನಸಂಖ್ಯೆ. ಅದರಲ್ಲಿ ತೊಟ್ಟಿಲ ಕೂಸೂ ಸೇರಿದೆ. ಮತದಾರರ ಸಂಖ್ಯೆ ಹಿಡಿದು ವಾದ ಮಾಡಿದ ಎಷ್ಟೋ ಅರ್ಜಿಗಳು ಮೊದಲ ಸುತ್ತಿನಲ್ಲೇ ಬಿದ್ದುಹೋಗಿವೆ. 2011ರ ಜನಗಣತಿಯ ಜಿಲ್ಲಾ ಕೈಪಿಡಿ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಗ್ರಾಮವಾರು ಒಟ್ಟು ಜನ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಅಂಕಿ ಇರುತ್ತದೆ. ನಮ್ಮ ಕಡೆಯ ತೊಂದರೆ ಏನೆಂದರೆ ಹಟ್ಟಿ, ತಾಂಡಾಗಳು. ಕಂದಾಯ ಗ್ರಾಮ ಆಗದ ಹಟ್ಟಿಗೆ ಆ ಪುಸ್ತಕದಲ್ಲಿ ಬೇರೆ ಸಾಲು ಇರುವುದಿಲ್ಲ, ದೊಡ್ಡ ಊರಿನ ಹೊಟ್ಟೆಯೊಳಗೇ ಸೇರಿರುತ್ತದೆ. ಆಗ ಕಚೇರಿಯನ್ನೇ ಕೇಳಿ: ಹಟ್ಟಿಗೆ ಇಷ್ಟು ಜನ ಅಂತ ಯಾವ ಎಣಿಕೆ ಬ್ಲಾಕಿನಿಂದ ತೆಗೆದಿರಿ, ಅದರ ನಕಲು ಕೊಡಿ. ಅಂಕಿ ಎಲ್ಲಿಂದ ಬಂತು ಅನ್ನುವುದೇ ಎಷ್ಟೋ ಸಲ ಒಳ್ಳೆಯ ಪ್ರಶ್ನೆ.

ಎರಡನೆಯ ಕಾರಣ, ಹೊಂದಿಕೊಂಡಿವೆ ಅನ್ನುವುದು. ನಕ್ಷೆಯಲ್ಲಿ ನೋಡಿದರೆ ನಿಜ. ಹಟ್ಟಿಗೂ ಆಚೆ ಊರಿನ ಮೊದಲ ಮನೆಗೂ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಆದರೆ ನಡುವೆ ಹೆದ್ದಾರಿ, ಅದರ ನಡುವೆ ತಡೆಗೋಡೆ. ನನ್ನ ತಮ್ಮನ ಬೈಕಿನಲ್ಲಿ ಹಿಂದೆ ಕೂತು ಅಳೆಯಲು ಹೋದೆ. ಹಟ್ಟಿಯ ಮಾರಮ್ಮನ ಗುಡಿ ಮುಂದೆ ನಿಂತು ಮೀಟರ್ ಫೋಟೋ ತೆಗೆದೆ. ಸರ್ವಿಸ್ ರೋಡಿನಲ್ಲಿ ಅಂಡರ್‌ಪಾಸಿನ ತನಕ ಹೋಗಿ, ತಿರುಗಿ, ಆಚೆ ಊರಿನ ಶಾಲೆಯ ಗೇಟಿಗೆ ಬಂದು ಇನ್ನೊಂದು ಫೋಟೋ. 4.3 ಕಿಲೋಮೀಟರ್. ಹಟ್ಟಿಯ ಒಬ್ಬ ಅಜ್ಜಿ ನಮ್ಮನ್ನೇ ನೋಡುತ್ತಾ ನಿಂತಿದ್ದರು. "ಅಷ್ಟು ದೂರ ಸುತ್ತಿ ಹೋಗೋಕಾಗುತ್ತೇನವ್ವಾ? ಓಟಿನ ದಿನ ನಾವು ಹಿಂಗೇ ಅಡ್ಡ ದಾಟ್ತೀವಿ" ಅಂದರು. ಕೈ ತೋರಿಸಿದ ಕಡೆ ಲಾರಿಗಳು ಸಾಲುಸಾಲಾಗಿ ಹೋಗುತ್ತಿದ್ದವು. ತಡೆಗೋಡೆಯ ಒಂದು ಕಡೆ ಹತ್ತಲು ಕಲ್ಲು ಇಟ್ಟಿದ್ದರು. ಆ ಕಲ್ಲಿನ ಫೋಟೋವನ್ನೂ ಲಗತ್ತಿಸಿದೆ.

ದೂರ, ದಾರಿ ಅನ್ನುವುದೆಲ್ಲ ಕಾನೂನಿನ ವಿಷಯವಾ ಅಂತ ಕೆಲವರಿಗೆ ಅನುಮಾನ. ಹೌದು, ಕಾನೂನಿನ ವಿಷಯವೇ. ವಿಧಾನಸಭೆ, ಲೋಕಸಭೆ ಕ್ಷೇತ್ರಗಳಿಗೆ 2002ರ ಸೀಮಾ ನಿರ್ಣಯ ಕಾಯ್ದೆಯ 9ನೇ ಕಲಂ ಇದೆ. ಕ್ಷೇತ್ರ ಒತ್ತಾಗಿ ಒಂದೆಡೆ ಇರಬೇಕು, ನೆಲದ ಸ್ವರೂಪ, ಈಗಿರುವ ಆಡಳಿತದ ಗಡಿ, ಸಂಪರ್ಕದ ಸೌಕರ್ಯ, ಜನರ ಅನುಕೂಲ ಎಲ್ಲ ನೋಡಬೇಕು ಅಂತ ಅದು ಹೇಳುತ್ತದೆ. 2022ರಲ್ಲಿ ಜಮ್ಮು ಕಾಶ್ಮೀರದ ವಿಧಾನಸಭೆಯನ್ನು 83ರಿಂದ 90 ಸ್ಥಾನಕ್ಕೆ ಏರಿಸಿದಾಗ ಜಮ್ಮುವಿಗೆ 6, ಕಾಶ್ಮೀರಕ್ಕೆ 1 ಹೆಚ್ಚು ಕೊಟ್ಟರು. ಜನಸಂಖ್ಯೆ ಒಂದನ್ನೇ ನೋಡಲಿಲ್ಲ, ಕಷ್ಟದ ಗುಡ್ಡಗಾಡು, ಗಡಿಗೆ ಹತ್ತಿರ ಇರುವುದು ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು ಅಂತ ಸೀಮಾ ನಿರ್ಣಯ ಆಯೋಗ ಕಾರಣ ಕೊಟ್ಟಿತು. ಅದರ ಬಗ್ಗೆ ದೊಡ್ಡ ಜಗಳವೇ ಆಯಿತು, ಅದು ಬೇರೆ ಮಾತು. ನಮಗೆ ಬೇಕಾದದ್ದು ಇಷ್ಟು: ನೆಲದ ಸ್ವರೂಪವನ್ನು ಬದಲಾವಣೆಗೆ ಕಾರಣ ಮಾಡಬಹುದಾದರೆ, ಅದೇ ನೆಲವನ್ನು ತೋರಿಸಿ ಬದಲಾವಣೆ ಬೇಡ ಅಂತಲೂ ಕೇಳಬಹುದು.

ಆಡಳಿತದ ಅನುಕೂಲ ಅನ್ನುವ ಕಾರಣಕ್ಕೆ ಜನ ಬೇಗ ಸಿಟ್ಟಾಗುತ್ತಾರೆ. "ನಮ್ಮ ತಾಲ್ಲೂಕು ಬೇರೆ, ಜಿಲ್ಲೆ ಬೇರೆ, ನಮ್ಮನ್ನು ಯಾಕೆ ಸೇರಿಸಿದಿರಿ?" ಅಂತ ಬರೆಸಲು ಬರುತ್ತಾರೆ. ಅದೊಂದೇ ವಾದ ನಿಲ್ಲುವುದಿಲ್ಲ. ನಮ್ಮ ಲೋಕಸಭಾ ಕ್ಷೇತ್ರವನ್ನೇ ನೋಡಿ. ಕರ್ನಾಟಕಕ್ಕೆ 224 ವಿಧಾನಸಭಾ ಸ್ಥಾನ, 28 ಲೋಕಸಭಾ ಸ್ಥಾನ. ಭಾಗಿಸಿದರೆ ಎಂಟೆಂಟು. ಚಿತ್ರದುರ್ಗ ಜಿಲ್ಲೆಯಲ್ಲಿ ಇರುವುದು ಆರು: ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಎಂಟು ತುಂಬಿಸಲು ತುಮಕೂರು ಜಿಲ್ಲೆಯ ಶಿರಾ, ಪಾವಗಡ ಬಂದವು. ದಾವಣಗೆರೆ ಕಡೆ ಇನ್ನೂ ಸ್ವಾರಸ್ಯ. 1997ರಲ್ಲಿ ಜಿಲ್ಲೆ ಆದಾಗ ಹರಪನಹಳ್ಳಿ ಅದರಲ್ಲಿತ್ತು. ಆಮೇಲೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆದರೆ ಲೋಕಸಭೆಗೆ ಅಲ್ಲಿನ ಜನ ದಾವಣಗೆರೆ ಕ್ಷೇತ್ರಕ್ಕೇ ಓಟು ಹಾಕಿದರು. ಯಾಕೆಂದರೆ ಕಂದಾಯದ ಗಡಿಯನ್ನು ರಾಜ್ಯ ಸರ್ಕಾರ ಬದಲಾಯಿಸಬಹುದು, ಓಟಿನ ಗಡಿ ಮಾತ್ರ 2008ರ ಕ್ಷೇತ್ರ ವಿಂಗಡಣೆಯ ಆದೇಶದಂತೆಯೇ ನಿಂತಿತ್ತು. ಹಾಗಾಗಿ ಜಿಲ್ಲೆ ಬೇರೆ ಅನ್ನುವುದನ್ನು ಬಿಟ್ಟು, ಆ ಬದಲಾವಣೆಯಿಂದ ಯಾರಿಗೆ ಯಾವ ಅನುಕೂಲ ಆಯಿತು ಅಂತ ಕೇಳಿ. ರೇಷನ್ ಅಂಗಡಿ ಎಲ್ಲಿ, ಶಾಲೆ ಎಲ್ಲಿ, ಆರೋಗ್ಯ ಉಪಕೇಂದ್ರ ಎಲ್ಲಿ, ಬಸ್ಸು ಎಲ್ಲಿ ನಿಲ್ಲುತ್ತದೆ, ಬರೆಯಿರಿ. ನಿಮ್ಮ ದಿನದ ಓಡಾಟ ಯಾವ ಊರಿನ ಜೊತೆಗಿದೆಯೋ ಅದೇ ಜನರ ಅನುಕೂಲ.

ಮೀಸಲಾತಿಯ ವಿಷಯದಲ್ಲಿ ಸಮಾಧಾನದಿಂದ ಬರೆಯಬೇಕು. ಅಂಗಡಿಗೆ ಬಂದು ಜಾತಿ ಹೆಸರು ಹಿಡಿದು ಕೂಗಾಡಿದವರಿಗೆ ನಾನು ಟೈಪ್ ಮಾಡಿಕೊಡುವುದಿಲ್ಲ. ಆದರೆ ಲೆಕ್ಕ ತಪ್ಪಿದ್ದರೆ ಖಂಡಿತ ಕೇಳಬೇಕು, ಅದರಲ್ಲೂ ಸ್ಥಾನ ಸಿಗಬೇಕಾದವರಿಗೆ ಸಿಗದೇ ಹೋದಾಗ. ಕಾನೂನಿನಲ್ಲಿ ಒಂದು ಸಣ್ಣ ವ್ಯತ್ಯಾಸ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ವಿಧಾನಸಭೆ, ಲೋಕಸಭೆಗೆ ಪರಿಶಿಷ್ಟ ಪಂಗಡದ ಕ್ಷೇತ್ರವನ್ನು ಅವರ ಪ್ರಮಾಣ ಎಲ್ಲಿ ಅತಿ ಹೆಚ್ಚೋ ಅಲ್ಲೇ ಇಡಬೇಕು. ಪರಿಶಿಷ್ಟ ಜಾತಿಯದ್ದನ್ನು ಅವರ ಪ್ರಮಾಣ ಹೆಚ್ಚಿರುವ ಕಡೆ ನೋಡಿ, ಜೊತೆಗೆ ರಾಜ್ಯದ ಬೇರೆಬೇರೆ ಭಾಗಗಳಿಗೆ ಹಂಚಬೇಕು. ನಮ್ಮ ಕಡೆ 2008ರ ಕ್ಷೇತ್ರ ವಿಂಗಡಣೆಯಲ್ಲಿ ಇದರ ಬಿಸಿ ಎಲ್ಲರಿಗೂ ತಟ್ಟಿತು. ಭರಮಸಾಗರ ಅನ್ನುವ ಮೀಸಲು ಕ್ಷೇತ್ರವೇ ನಕ್ಷೆಯಿಂದ ಹೋಯಿತು. ಹೊಳಲ್ಕೆರೆ ಮೀಸಲಾಯಿತು, ಮೀಸಲಾಗಿದ್ದ ಹಿರಿಯೂರು ಸಾಮಾನ್ಯವಾಯಿತು. ದಾವಣಗೆರೆ ಒಂದಿದ್ದದ್ದು ಉತ್ತರ, ದಕ್ಷಿಣ ಎರಡಾಯಿತು. ನಮ್ಮ ಅಪ್ಪ ತೀರಿಕೊಳ್ಳುವ ತನಕ "ನಮ್ಮ ಭರಮಸಾಗರ ಕ್ಷೇತ್ರ" ಅಂತಲೇ ಹೇಳುತ್ತಿದ್ದರು. ಆ ವಿಂಗಡಣೆ ಮಾಡಿದ ಆಯೋಗವೂ ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆ ನಡೆಸಿಯೇ ಆದೇಶ ಹೊರಡಿಸಿತ್ತು. ನಮ್ಮೂರಿನಿಂದ ಒಂದು ಕಾಗದವೂ ಹೋಗಿರಲಿಲ್ಲ. ಅದು ನನಗೆ ಇವತ್ತಿಗೂ ನೋವು.

ದೊಡ್ಡ ಮಟ್ಟದ ಕಾರಣಗಳನ್ನೂ ಹೀಗೇ ಓದಬಹುದು. 1976ರಲ್ಲಿ ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿದರು. 2001ರ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯ ತನಕ ಮುಂದುವರಿಸಿತು. ಕುಟುಂಬ ಯೋಜನೆ ಚೆನ್ನಾಗಿ ನಡೆಸಿದ ರಾಜ್ಯಗಳಿಗೆ ನಷ್ಟ ಆಗಬಾರದು ಅನ್ನುವುದು ಕಾರಣ. ಈ ಕಾರಣದ ಬೆಲೆಯನ್ನೂ ಅಳೆಯಬೇಕು: 1971ರ ಜನಗಣತಿಯ ಪ್ರಕಾರ ಕರ್ನಾಟಕದ 2.93 ಕೋಟಿ ಜನಕ್ಕೆ 28 ಸಂಸದರು ಅಂದರೆ ಒಬ್ಬರಿಗೆ ಹತ್ತೂವರೆ ಲಕ್ಷ. 2011ರ 6.11 ಕೋಟಿಗೂ ಅದೇ 28, ಒಬ್ಬರಿಗೆ ಸುಮಾರು 22 ಲಕ್ಷ. ಆದರೂ ಆ ಕಾರಣ ನನಗೆ ಸರಿಯಾಗಿಯೇ ಕಾಣುತ್ತದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತು ಮಾಡಿ 2025ರಲ್ಲಿ ಅಧಿಸೂಚನೆ ಹೊರಟಿದೆ. ಲೋಕಸಭೆ, ವಿಧಾನಸಭೆಗಳಲ್ಲಿ ಹೆಣ್ಣುಮಕ್ಕಳಿಗೆ ಮೂರರಲ್ಲೊಂದು ಸ್ಥಾನ ಕೊಡುವ 2023ರ ತಿದ್ದುಪಡಿಯನ್ನೂ ಜನಗಣತಿ, ಆಮೇಲೆ ಕ್ಷೇತ್ರ ಪುನರ್ವಿಂಗಡಣೆ ಅಂತ ಕಟ್ಟಿದ್ದಾರೆ.

ಕಾರಣ ಸರಿಯಿದ್ದರೂ ಅದು ಎಷ್ಟು ದಿನ ತಿನ್ನುತ್ತದೆ ಅನ್ನುವುದೂ ಒಂದು ಅಳತೆ. ನಮ್ಮ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಓಟು ಹಾಕಿದೆವು. 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಕಾನೂನು ತಿದ್ದಿ, ಕ್ಷೇತ್ರ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿದರು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243 ಇ ಹೇಳುತ್ತದೆ. ಗಡಿ ಸರಿಮಾಡುವ ಕಾರಣಕ್ಕೆ ಪ್ರತಿನಿಧಿಯೇ ಇಲ್ಲದಂತಾದರೆ ಆ ಕಾರಣವನ್ನು ನಾನು ಒಪ್ಪುವುದಿಲ್ಲ.

ಸರಿ, ಬರೆಯುವ ಕೆಲಸಕ್ಕೆ ಬರೋಣ. ಎರಡು ಪುಟ ಮೀರಬೇಡಿ. ಮೇಲೆ ಅಧಿಸೂಚನೆಯ ಸಂಖ್ಯೆ, ತಾರೀಖು, ನಿಮ್ಮ ಕ್ಷೇತ್ರದ ಕ್ರಮಸಂಖ್ಯೆ. ಆಮೇಲೆ ಅವರ ಕಾರಣವನ್ನು ಅವರದೇ ಮಾತಿನಲ್ಲಿ ಎತ್ತಿ ಬರೆಯಿರಿ, ಅದರ ಕೆಳಗೆ ನಿಮ್ಮ ಅಳತೆ. ನಾವು ಬರೆದದ್ದು ಹೀಗಿತ್ತು: "ಜನಸಂಖ್ಯೆ ಸಮಗೊಳಿಸಲು ಎಂದು ಕರಡಿನಲ್ಲಿ ಹೇಳಿದೆ. ಬದಲಾವಣೆಗೆ ಮೊದಲು ಸದಸ್ಯರ ನಡುವಿನ ಅಂತರ 9 ಇದ್ದದ್ದು ಬದಲಾವಣೆಯ ನಂತರ 12ಕ್ಕಿಂತ ಹೆಚ್ಚಾಗಿದೆ. ಲೆಕ್ಕ ಲಗತ್ತಿಸಿದೆ. ಹಟ್ಟಿಯನ್ನು ಮೊದಲಿನ ಕ್ಷೇತ್ರದಲ್ಲೇ ಉಳಿಸಿದರೆ ಉದ್ದೇಶ ಹೆಚ್ಚು ಚೆನ್ನಾಗಿ ಈಡೇರುತ್ತದೆ." ಕೊನೆಯ ಸಾಲು ಮರೆಯಬೇಡಿ. ಬೇಡ ಅಂದರೆ ಸಾಲದು, ಹೇಗೆ ಮಾಡಬೇಕು ಅಂತ ನೀವೇ ಹೇಳಬೇಕು. ಒಂದು ಓಣಿ ತೆಗೆದರೆ ಇನ್ನೊಂದು ಕಡೆ ಏರುಪೇರಾಗುತ್ತದಾ ಅಂತ ಕೂಡಿಸಿ ನೋಡಿಯೇ ಬರೆಯಿರಿ.

ಸಹಿ ಮಾಡುವವರ ಜೊತೆ ಮನೆ ನಂಬರು, ಹೆಬ್ಬೆಟ್ಟಾದರೆ ಪಕ್ಕದಲ್ಲಿ ಹೆಸರು ಇರಲಿ. ಆಚೆ ಊರಿನವರಲ್ಲೂ ಇಬ್ಬರು ಒಪ್ಪಿ ಸಹಿ ಹಾಕಿದರೆ ಬಹಳ ತೂಕ. ನಮಗೆ ಏಳು ಜನ ಹಾಕಿಕೊಟ್ಟರು. ಎರಡು ಪ್ರತಿ ಮಾಡಿಸಿ ಟಪಾಲು ವಿಭಾಗದಲ್ಲಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಒಳಬಂದ ನಂಬರು ಬೀಳುವ ತನಕ ಅಲ್ಲಿಂದ ಕದಲಬೇಡಿ. "ಸಾಹೇಬ್ರ ಟೇಬಲ್ ಮೇಲೆ ಇಟ್ಟು ಹೋಗಿ" ಅಂತ ಒಬ್ಬರು ನಮ್ಮವರಿಗೆ ಹೇಳಿದ್ದರು. ಹಾಗೆ ಇಟ್ಟು ಬಂದ ಕಾಗದ ಆಮೇಲೆ ಯಾರಿಗೂ ಸಿಗಲಿಲ್ಲ. ಪುಣ್ಯಕ್ಕೆ ಇನ್ನೂ ಎರಡು ದಿನ ಉಳಿದಿತ್ತು, ಮತ್ತೆ ಪ್ರಿಂಟ್ ತೆಗೆದು ಸೀಲು ಹಾಕಿಸಿಕೊಂಡು ಬಂದರು.

ಅಂತಿಮ ಅಧಿಸೂಚನೆ ಬಂದಾಗ ಹಟ್ಟಿ ನಮ್ಮೂರಿನ ಕ್ಷೇತ್ರದಲ್ಲೇ ಉಳಿದಿತ್ತು. ಅಲ್ಲಿಗೆ ನಿಲ್ಲಿಸಬೇಡಿ, ಚಕ್ಕುಬಂದಿ ಓದಿ. ಹೊಲದ ಪತ್ರಕ್ಕೆ ಇರುವ ಹಾಗೆ ಕ್ಷೇತ್ರಕ್ಕೂ ನಾಲ್ಕು ದಿಕ್ಕಿನ ಗಡಿ ಬರೆದಿರುತ್ತಾರೆ. ಪಿಯುಸಿ ಓದುವ ಹಟ್ಟಿಯ ಒಬ್ಬ ಹುಡುಗಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಳು. "ಅಕ್ಕಾ, ಹೆದ್ದಾರಿ ನಮಗೆ ಪೂರ್ವಕ್ಕಲ್ವಾ? ಇಲ್ಲಿ ಪಶ್ಚಿಮಕ್ಕೆ ಅಂತ ಹಾಕಿದ್ದಾರೆ" ಅಂದಳು. ಪಟ್ಟಿಯಲ್ಲಿ ಹಟ್ಟಿಯ ಹೆಸರು ಈ ಕಡೆ, ಚಕ್ಕುಬಂದಿಯ ಪ್ರಕಾರ ಆ ಕಡೆ. ಅವತ್ತೇ ಸಂಜೆ ನುಡಿ ತಂತ್ರಾಂಶದಲ್ಲಿ ಅರ್ಧ ಪುಟದ ಅರ್ಜಿ ಟೈಪ್ ಮಾಡಿದೆ. ಮಾರನೇ ಬೆಳಗ್ಗೆ ಅವಳೇ ಹೋಗಿ ಸೀಲು ಹಾಕಿಸಿಕೊಂಡು ಬಂದಳು. ಹನ್ನೊಂದು ದಿನಕ್ಕೆ ತಪ್ಪು ಸರಿಪಡಿಸಿದ ತಿದ್ದೋಲೆ ಬಂತು.